ಓದಿ ಹೇಳುವವರು

ನಮ್ಮ ಸೋದರತ್ತೆಯ ಹತ್ತಿರ ಒಂದು ತಗಡಿನ ಟ್ರಂಕು ಇತ್ತು. ಅದರೊಳಗೆ ಅವರ ಧಾರೆ ಸೀರೆ, ತೀರಿಹೋದ ಮಾವನ ಕೈಗಡಿಯಾರ, ನಾಲ್ಕು ನುಸಿಗುಳಿಗೆ, ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಾರ ಕಟ್ಟಿದ ಒಂದಷ್ಟು ಕಾಗದಗಳು. 2002ರ ಯುಗಾದಿಗೆ ನಾನು ಊರಿಗೆ ಹೋಗಿದ್ದಾಗ ಅವರು ಆ ದಾರ ಬಿಚ್ಚಿ ಒಂದು ಹಾಳೆ ತೆಗೆದು ತಂದರು.

"ನೋಡವ್ವ, ಈಗ ಪಾಣಿ ಕಂಪ್ಯೂಟರ್ನಾಗೆ ಕೊಡ್ತಾರೆ. ಹದಿನೈದು ರೂಪಾಯಿ ಕೊಟ್ಟು ತರ್ಸಿವ್ನಿ. ಎಲ್ಲ ಸರಿಯಾಗೈತಾ?"

ನನ್ನ ಕೈತುಂಬ ಒಬ್ಬಟ್ಟಿನ ಹೂರಣ. ಕಾಗದವನ್ನು ಮುಟ್ಟುವಂತಿರಲಿಲ್ಲ. ದೂರದಿಂದಲೇ ಕಣ್ಣಾಡಿಸಿದೆ. ಹೋಬಳಿ, ಗ್ರಾಮ, ಸರ್ವೆ ನಂಬರು, ಒಪ್ಪವಾದ ಅಚ್ಚಿನ ಅಕ್ಷರ, ಕೆಳಗೆ ಸಹಿ, ಸೀಲು. "ಸರಿಯಾಗಿದೆ ಅತ್ತೆ, ಜೋಪಾನವಾಗಿಡಿ" ಎಂದೆ. ಅವರು ಅದನ್ನು ಮೊದಲಿನ ಹಾಗೆಯೇ ಮಡಿಸಿ, ಚೀಲದಲ್ಲಿ ಸುತ್ತಿ, ಟ್ರಂಕಿನೊಳಗೆ ಇಟ್ಟರು.

ಆ ಹೊತ್ತಿಗೆ ನಾನು ತಾಲ್ಲೂಕು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷಗಳಾಗಿದ್ದವು. ಬಂದವರಿಗೆ ಬೇಕಾದ ಪುಸ್ತಕ, ಬೇಕಾದ ಪುಟ ಹುಡುಕಿ ಕೊಡುವುದೇ ನನ್ನ ಅನ್ನ. ಆದರೂ ನನ್ನ ಸ್ವಂತ ಅತ್ತೆ ತಂದು ಹಿಡಿದ ಒಂದೇ ಒಂದು ಹಾಳೆಯನ್ನು ನಾನು ಓದಲಿಲ್ಲ, ಬರೀ ನೋಡಿದೆ. ಈ ಎರಡಕ್ಕೂ ಎಷ್ಟು ಅಂತರ ಎಂಬುದು ನನಗೆ ಗೊತ್ತಾದದ್ದು ಮರುವರ್ಷ. ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ರಾಜಸ್ಥಾನದ ಕೆಲವು ಹೆಂಗಸರ ವಿಷಯ ಹೇಳಬೇಕು. ಅವರ ಕಥೆಯನ್ನು ಓದಿದ ಮೇಲೆಯೇ ನನ್ನ ತಪ್ಪಿನ ಅಳತೆ ನನಗೆ ಸರಿಯಾಗಿ ಸಿಕ್ಕಿದ್ದು.

1981ರಲ್ಲಿ ಅಜ್ಮೇರ್ ಜಿಲ್ಲೆಯ ಹರ್ಮಾಡಾ ಎಂಬ ಊರಿನ ಕಡೆ ಬರಗಾಲದ ಪರಿಹಾರವೆಂದು ರಸ್ತೆ ಕೆಲಸ ನಡೆಯುತ್ತಿತ್ತು. ಮಣ್ಣು ಹೊರುವವರಲ್ಲಿ ಹೆಚ್ಚಿನವರು ಹೆಂಗಸರು. ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ. ಆದರೆ ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಕಡಿಮೆ. ಗುಂಪಾಗಿ ಮಾಡಿದ ಕೆಲಸವನ್ನು ಅಳೆದು, ಅಳತೆ ಕಡಿಮೆ ಬಂತೆಂದು ಗುಂಪಿಗೆಲ್ಲ ಕೂಲಿ ಮುರಿಯುತ್ತಿದ್ದರು. ನೌರ್ತಿ ಎಂಬ ದಲಿತ ಹೆಣ್ಣುಮಗಳು ಮುಂದೆ ನಿಂತಳು. ಪೂರ್ತಿ ಕೂಲಿ ಕೊಡದಿದ್ದರೆ ತೆಗೆದುಕೊಳ್ಳುವುದೇ ಇಲ್ಲ ಎಂದು ಹೆಂಗಸರೆಲ್ಲ ಕೂತರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1983ರ ಜನವರಿಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಗೆ ಸಮ, ಬರಗಾಲದ ಕೆಲಸವಾದರೂ ಅಷ್ಟೇ ಎಂದು ತೀರ್ಪು ಕೊಟ್ಟಿತು.

ತೀರ್ಪೇನೋ ಬಂತು. ಆದರೆ ನೀನು ಎಷ್ಟು ದಿನ ದುಡಿದೆ ಎಂಬುದನ್ನು ಬರೆಯುವ ಪುಸ್ತಕ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಿತು. ಮಸ್ಟರ್ ರೋಲ್ ಎನ್ನುತ್ತಾರೆ ಅದಕ್ಕೆ. ನಮ್ಮ ಕಡೆ ಎನ್.ಎಂ.ಆರ್. ಎಂದರೆ ಕಾಮಗಾರಿಗೆ ಹೋದವರಿಗೆಲ್ಲ ಗೊತ್ತು. ಇಂಥ ತಾರೀಖು, ಇಂಥ ಕೆಲಸ, ಇಂಥವರು ಹಾಜರು, ಇಷ್ಟು ಕೂಲಿ, ಎದುರಿಗೆ ಹೆಬ್ಬೆಟ್ಟು. ಮನೆಯಲ್ಲಿ ಹಾಲಿನವನ ಲೆಕ್ಕಕ್ಕೆ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತೇವಲ್ಲ, ಅಂಥದೇ ಲೆಕ್ಕ. ಒಂದೇ ವ್ಯತ್ಯಾಸ, ಇಲ್ಲಿ ಕ್ಯಾಲೆಂಡರು ಹಾಲಿನವನ ಮನೆಯಲ್ಲಿರುತ್ತದೆ, ಅದನ್ನು ನೋಡುವ ಹಕ್ಕು ನಮಗಿಲ್ಲ.

1987ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅವರ ಹೆಂಡತಿ ಅಂಶಿ ದೇವ್‌ಡೂಂಗ್ರಿ ಎಂಬ ಸಣ್ಣ ಹಳ್ಳಿಗೆ ಬಂದು ಅಲ್ಲಿಯವರಂತೆಯೇ ಒಂದು ಮಣ್ಣಿನ ಮನೆಯಲ್ಲಿ ಸಂಸಾರ ಹೂಡಿದರು. ಅರುಣಾ ರಾಯ್ 1968ರಲ್ಲಿ ಐ.ಎ.ಎಸ್. ಸೇರಿ, ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಬಂದವರು. ಕಡತದ ಒಳಗೇನಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಕಡತದ ಹೊರಗೆ ಏನಾಗುತ್ತದೆ ಎಂಬುದು ಊರಿನವರಿಗೆ ಗೊತ್ತಿತ್ತು. 1990ರ ಮೇ 1ರಂದು ಭೀಮ್ ಎಂಬ ಊರಿನಲ್ಲಿ ಅವರೆಲ್ಲ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಕೂಲಿ ಕೇಳಲು ಹೋದಾಗಲೆಲ್ಲ ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ. ನೀವು ಕೆಲಸಕ್ಕೆ ಬಂದಿರಲಿಲ್ಲ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಹಾಗಾದರೆ ಪಟ್ಟಿ ತೋರಿಸಿ ಎಂದರೆ, ಅದು ಸರ್ಕಾರದ ರಹಸ್ಯ ದಾಖಲೆ. ಬ್ರಿಟಿಷರು 1923ರಲ್ಲಿ ಮಾಡಿದ ಗೋಪ್ಯತೆಯ ಕಾನೂನನ್ನು ಒಂದು ಹಳ್ಳಿಯ ಕೆರೆ ಹೂಳಿನ ಲೆಕ್ಕಕ್ಕೆ ಅಡ್ಡ ಹಿಡಿಯುತ್ತಿದ್ದರು!

1994ರ ಚಳಿಗಾಲದಲ್ಲಿ ಒಂದು ಬಾಗಿಲು ಸ್ವಲ್ಪ ತೆರೆಯಿತು. ಒಬ್ಬ ಯುವ ಅಧಿಕಾರಿ ಕಡತ ನೋಡಲು ಬಿಟ್ಟರು. ಸಂಘಟನೆಯವರು ಕೂತು ಕೈಯಲ್ಲಿ ನಕಲು ಮಾಡಿಕೊಂಡರು. ಆಮೇಲೆ ಅವರು ಏನು ಮಾಡಿದರು ಎಂಬುದನ್ನು ಓದಿದಾಗ ನನಗೆ, ನಗಬೇಡಿ, ವೃತ್ತಿಬಾಂಧವರನ್ನು ಕಂಡಷ್ಟು ಸಂತೋಷವಾಯಿತು. ಆ ರಾಶಿಯನ್ನು ಕಾಮಗಾರಿವಾರು, ಊರುವಾರು, ಕೇರಿವಾರು ವಿಂಗಡಿಸಿದರು. ಪಟ್ಟಿಯಲ್ಲಿ ಹೆಸರಿದ್ದವರ ಮನೆಗಳಿಗೆ ನಡೆದುಹೋಗಿ, ಜಗಲಿಯ ಮೇಲೆ ಕೂತು, ಇದರಲ್ಲಿ ನಿನ್ನ ಹೆಸರಿದೆ, ನೀನು ಇಷ್ಟು ದಿನ ಅಲ್ಲಿ ಕಲ್ಲು ಹೊತ್ತಿದ್ದೀಯ ಎಂದು ಬರೆದಿದೆ, ನಿಜವೇನು ಎಂದು ಕೇಳಿದರು. ಗ್ರಂಥಾಲಯದ ತರಬೇತಿಯಲ್ಲಿ ನಮಗೆ ವರ್ಗೀಕರಣ ಕಲಿಸುತ್ತಾರೆ. ಚೀಟಿ ಬರೆದು, ನಂಬರು ಕೊಟ್ಟು, ಪುಸ್ತಕವನ್ನು ಅದರ ಜಾಗದಲ್ಲಿ ಇಡುವುದು. ಒಣ ವಿಷಯ ಎಂದು ನಾವೆಲ್ಲ ಆಕಳಿಸುತ್ತಿದ್ದೆವು. ಅದೇ ವಿದ್ಯೆ ಬಿಸಿಲಿನಲ್ಲಿ ಊರೂರು ಅಲೆದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಮೊದಲ ಜನಸುನವಾಯಿ, ಅಂದರೆ ಜನರೇ ನಡೆಸಿದ ವಿಚಾರಣೆ, ನಡೆಯಿತು. ಆಮೇಲೆ ಭೀಮ್, ವಿಜಯಪುರ, ಜವಾಜಾ ಎಂದು ಒಂದಾದ ಮೇಲೊಂದು ಊರು. ಕ್ರಮ ಬಹಳ ಸರಳ. ಒಬ್ಬರು ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ಓದುತ್ತಿದ್ದ ಹಾಗೆ ಜನ ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ. ಕೂಲಿ ಪಡೆದವರ ಸಾಲಿನಲ್ಲಿ ಸತ್ತವರ ಹೆಸರು, ಊರು ಬಿಟ್ಟು ಹೋದವರ ಹೆಸರು. ಮುಗಿದಿದೆ ಎಂದು ಬರೆದ ಕಟ್ಟಡ ಎದುರಿಗೇ ಅರ್ಧಂಬರ್ಧ ನಿಂತಿದೆ. ಮುಖದ ತುಂಬ ಸೆರಗು ಎಳೆದುಕೊಂಡ ಹೆಂಗಸರು ಎದ್ದು ನಿಂತು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ, ಆ ಹೆಬ್ಬೆಟ್ಟು ನನ್ನದಲ್ಲ ಎಂದರು. ಅಕ್ಷರ ಬಾರದವರಿಗೆ ಅಂಕಿ ಅಂಶ ಏನು ತಿಳಿಯುತ್ತದೆ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆ ಊರಿನ ಅಂಕಿ ಅಂಶದ ಬಗ್ಗೆ ಆ ಹೆಂಗಸರಿಗಿಂತ ಹೆಚ್ಚು ತಿಳಿದವರು ಯಾವ ಕಛೇರಿಯಲ್ಲಿದ್ದರು, ಹೇಳಿ.

ಇದರ ಬಿಸಿ ಎಷ್ಟು ತಟ್ಟಿತೆಂದರೆ, ದಾಖಲೆ ತೋರಿಸುವುದಿಲ್ಲವೆಂದು ಗ್ರಾಮಸೇವಕರೇ ಮುಷ್ಕರ ಹೂಡಿದರು. 1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಪಂಚಾಯತಿ ಕೆಲಸಗಳ ದಾಖಲೆಯ ನಕಲು ಕೇಳಿದವರಿಗೆ ಕೊಡಿಸುತ್ತೇವೆ ಎಂದು ಮಾತು ಕೊಟ್ಟರು. ಒಂದು ವರ್ಷ ಕಳೆದರೂ ಮಾತು ಮಾತಾಗಿಯೇ ಇತ್ತು. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದ ಚಾಂಗ್ ಗೇಟಿನಲ್ಲಿ ಧರಣಿ ಶುರುವಾಯಿತು. ಧರಣಿ ಶುರುವಾಗುವ ಹೊತ್ತಿಗೆ ಸರ್ಕಾರ ಒಂದು ಆದೇಶ ಹೊರಡಿಸಿತು. ದಾಖಲೆ ನೋಡಬಹುದು, ಜೆರಾಕ್ಸ್ ಮಾತ್ರ ಕೊಡುವುದಿಲ್ಲ! ಒಂದು ಜೆರಾಕ್ಸಿಗಾಗಿ ಇಷ್ಟು ರಂಪವೆ ಎಂದು ಪೇಟೆಯವರಿಗೆ ಅನ್ನಿಸಿರಬಹುದು. ಆದರೆ ನೋಡಿ ಬಂದದ್ದನ್ನು ನೀವು ಯಾರಿಗೆ ಹೇಳಿದರೂ ಅದು ಬಾಯಿಮಾತು. ಸೀಲು ಹಾಕಿದ ನಕಲು ಸೆರಗಿನ ಗಂಟಿನಲ್ಲಿದ್ದರೆ ಅದು ಸಾಕ್ಷಿ. ಹಳ್ಳಿಯ ಹೆಂಗಸರು ಆ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ನಲವತ್ತು ದಿನ ಕೂತರು. ಹಳ್ಳಿಯ ಮನೆಗಳಿಂದ ಕಿಲೋಗಟ್ಟಲೆ ಧಾನ್ಯ ಬಂತು, ಪೇಟೆಯ ಮಾರುಕಟ್ಟೆಯವರು ತರಕಾರಿ ಕೊಟ್ಟರು. ಶಂಕರ್ ಸಿಂಗ್ ಗೊಂಬೆ ಆಡಿಸಿ ನಗಿಸಿದರು. "ಹಮಾರಾ ಪೈಸಾ, ಹಮಾರಾ ಹಿಸಾಬ್" ಎಂಬ ಘೋಷಣೆಯಲ್ಲಿ ಅವರ ವಾದವೆಲ್ಲ ಅಡಕವಾಗಿತ್ತು. ದುಡ್ಡು ನಮ್ಮದು, ಲೆಕ್ಕವೂ ನಮ್ಮದೇ. ಇದೇ ಕಾಲದಲ್ಲಿ ಸಂಘಟನೆಯ ಸುಶೀಲಾ ಎಂಬಾಕೆ ಹೇಳಿದ ಮಾತು ಪತ್ರಿಕೆಗಳಲ್ಲೆಲ್ಲ ಬಂತು. ನಾಲ್ಕನೆಯ ತರಗತಿ ಓದಿದಾಕೆ. ನಿನಗೇಕಮ್ಮ ಮಾಹಿತಿಯ ಹಕ್ಕು ಎಂದು ದೆಹಲಿಯಲ್ಲಿ ಪತ್ರಕರ್ತರು ಕೇಳಿದರಂತೆ. ಹತ್ತು ರೂಪಾಯಿ ಕೊಟ್ಟು ಮಗನನ್ನು ಅಂಗಡಿಗೆ ಕಳಿಸಿದರೆ ವಾಪಸು ಬಂದಾಗ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಅಷ್ಟೊಂದು ಹಣ ಖರ್ಚು ಮಾಡುವ ಸರ್ಕಾರವನ್ನು ಲೆಕ್ಕ ಕೇಳಬಾರದೆ ಎಂಬ ಅರ್ಥದಲ್ಲಿ ಆಕೆ ಉತ್ತರ ಕೊಟ್ಟಳು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಇಟ್ಟು ತಿಂಗಳು ದೂಡಿದ ಯಾವ ಹೆಂಗಸಿಗೂ ಈ ಮಾತಿಗೆ ವ್ಯಾಖ್ಯಾನ ಬೇಡ.

ಇದಾದ ಮೇಲೂ ಆದೇಶ ಬರಲಿಲ್ಲವೆಂದು 1997ರಲ್ಲಿ ಜೈಪುರದಲ್ಲಿ ಮತ್ತೆ 53 ದಿನ ಧರಣಿ. ಕೊನೆಯಲ್ಲಿ ಸರ್ಕಾರ ಹೇಳಿದ್ದೇನು ಗೊತ್ತೆ? ಪಂಚಾಯತಿ ದಾಖಲೆಗಳ ನಕಲು ಕೊಡುವ ಅಧಿಸೂಚನೆ ಆರು ತಿಂಗಳ ಹಿಂದೆಯೇ, 1996ರ ಡಿಸೆಂಬರ್ 30ರಂದೇ, ರಾಜ್ಯಪತ್ರದಲ್ಲಿ ಅಚ್ಚಾಗಿದೆ ಎಂದು! ಮಾಹಿತಿಯ ಹಕ್ಕಿನ ಆದೇಶವೇ ಯಾರಿಗೂ ಮಾಹಿತಿ ಇಲ್ಲದೆ ಬಿದ್ದಿತ್ತು. ನಾನು ಇದನ್ನು ಓದಿ ಮೊದಲು ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು. ನಮ್ಮ ಗ್ರಂಥಾಲಯಕ್ಕೂ ಆಗ ರಾಜ್ಯಪತ್ರ ಬರುತ್ತಿತ್ತು. ನಾವು ಅದನ್ನು ತಿಂಗಳುವಾರು ಕಟ್ಟಿ ಬೀರುವಿನ ಮೇಲೆ ಇಡುತ್ತಿದ್ದೆವು. ಅದು ಮುಚ್ಚಿಟ್ಟದ್ದಲ್ಲ, ಯಾರು ಬೇಕಾದರೂ ಕೇಳಿ ಓದಬಹುದಿತ್ತು. ಯಾರೂ ಕೇಳಲಿಲ್ಲ, ನಾವೂ ಬಿಚ್ಚಲಿಲ್ಲ.

ಮುಂದಿನದು ನಿಮಗೆ ತಿಳಿದದ್ದೇ. ಒಂದೊಂದೇ ರಾಜ್ಯ ಕಾನೂನು ಮಾಡಿತು. ನಮ್ಮ ಕರ್ನಾಟಕ 2000ದಲ್ಲಿ ಮಾಡಿತು, ಇಡೀ ದೇಶದ್ದು 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಅದೇ ವರ್ಷದ ಉದ್ಯೋಗ ಖಾತರಿ ಕಾನೂನಿನಲ್ಲಿ ಗ್ರಾಮಸಭೆಯೇ ಲೆಕ್ಕ ತಪಾಸಣೆ ಮಾಡುವ ವಿಧಿ ಸೇರಿತು. ಕೋಟ್ ಕಿರಾಣಾದ ಗಟ್ಟಿ ಓದು ಕಾನೂನಿನ ಪುಸ್ತಕಕ್ಕೆ ಬಂದಿತ್ತು. 2019ರಲ್ಲಿ ರಾಜಸ್ಥಾನ ಸರ್ಕಾರ ಜನಸೂಚನಾ ಎಂಬ ಹೆಸರಿನಲ್ಲಿ ಪಡಿತರ, ಪಿಂಚಣಿ, ಕೂಲಿ ಎಲ್ಲದರ ವಿವರವನ್ನೂ ಯಾರೂ ಅರ್ಜಿ ಹಾಕದೆಯೇ ಕಂಪ್ಯೂಟರಿನಲ್ಲಿ ನೋಡುವಂತೆ ತೆರೆದಿಟ್ಟಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಆ ವಂಶಪಾರಂಪರ್ಯ ಹೋಗಿ ಗ್ರಾಮಲೆಕ್ಕಿಗರು ಬಂದರು, ಪೆಟ್ಟಿಗೆ ಮನೆಯಿಂದ ಚೀಲಕ್ಕೆ ಬಂತು ಎನ್ನಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರಿಗಾದರೂ ಯಾವ ಪಹಣಿಯಾದರೂ ಸಿಗುತ್ತಿತ್ತು. ಚೀಲ ಹಿಡಿದವರ ಹಿಂದೆ ಅಲೆದು, ಕೈ ಬೆಚ್ಚಗೆ ಮಾಡಿ ಸುಸ್ತಾಗಿದ್ದ ಜನಕ್ಕೆ ಇದು ಸಣ್ಣ ಬಿಡುಗಡೆಯಲ್ಲ. ಅದನ್ನು ಹೀಗಳೆಯುವವಳು ನಾನಲ್ಲ.

ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಈ ಯೋಜನೆಯನ್ನು ಅಭ್ಯಾಸ ಮಾಡಿ ಬೇರೆಯೇ ಒಂದು ಸಂಗತಿಯನ್ನು ತೋರಿಸಿದರು. ದಾಖಲೆ ಸುಲಭವಾಗಿ ಸಿಗುವಂತಾದ ಮೇಲೆ ಬೆಂಗಳೂರಿನ ಸುತ್ತಮುತ್ತ ಅದರ ಲಾಭ ಹೆಚ್ಚಾಗಿ ಹೋದದ್ದು ದೊಡ್ಡ ಜಮೀನು ವ್ಯವಹಾರದವರಿಗೆ. ಯಾವ ಪಹಣಿಯಲ್ಲಿ ತೊಡಕಿದೆ, ಎಲ್ಲಿ ಹೆಸರು ಬಿಟ್ಟುಹೋಗಿದೆ ಎಂದು ಓದಿ ಹೇಳಲು ಅವರ ಹತ್ತಿರ ವಕೀಲರಿದ್ದರು, ಗುಮಾಸ್ತರಿದ್ದರು. ಕಿಟಕಿ ಎಲ್ಲರಿಗೂ ಒಂದೇ, ಕಾಗದವೂ ಒಂದೇ. ಪಕ್ಕದಲ್ಲಿ ನಿಂತು ಓದಿ ಹೇಳುವವರು ಮಾತ್ರ ಎಲ್ಲರಿಗೂ ಇರಲಿಲ್ಲ. ರಾಜಸ್ಥಾನದಲ್ಲಿ ಇದ್ದು ಇಲ್ಲಿ ಇಲ್ಲದೆ ಹೋದದ್ದು ಅದೇ ಎಂದು ನನ್ನ ಅನಿಸಿಕೆ.

ನಮ್ಮ ಅತ್ತೆಗೆ ನಾನಿದ್ದೆ. ಇದ್ದೂ ಇರಲಿಲ್ಲ.

2003ರಲ್ಲಿ ಬೆಳೆ ಸಾಲಕ್ಕೆಂದು ಹೋದಾಗ, ಜಮೀನು ನಿಮ್ಮ ಹೆಸರಿನಲ್ಲಿ ಇಲ್ಲವಲ್ಲಮ್ಮ ಎಂದು ಅವರನ್ನು ವಾಪಸು ಕಳಿಸಿದರು. ಅತ್ತೆ ಅಲ್ಲಿಂದ ನೆಟ್ಟಗೆ ಬಸ್ಸು ಹತ್ತಿ ಗ್ರಂಥಾಲಯಕ್ಕೆ ಬಂದರು. ದಿನಪತ್ರಿಕೆ ಓದುವವರ ನಡುವೆ ನಿಂತು ಚೀಲ ಬಿಚ್ಚಿದರು. "ಇದ್ರಾಗೆ ನನ್ ಹೆಸ್ರು ಎಲ್ಲೈತೆ ತೋರ್ಸವ್ವ." ಅದೇ ಹಾಳೆ, ಯುಗಾದಿಯ ದಿನ ನಾನು ನೋಡಿದ್ದ ಹಾಳೆ. ಒಂಬತ್ತನೆಯ ಕಾಲಂನಲ್ಲಿ, ಅಂದರೆ ಹಕ್ಕುದಾರರ ಹೆಸರು ಬರುವ ಕಡೆ, ಅವರ ಮೈದುನನ ಹೆಸರೊಂದೇ ಇತ್ತು. ಮಾವ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಕೊಟ್ಟ ವಂಶವೃಕ್ಷದಲ್ಲಿ ಮಕ್ಕಳಿಲ್ಲದ ವಿಧವೆಯ ಹೆಸರನ್ನು ಬಿಟ್ಟಿದ್ದರು. ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ಹೇಳಿ ಎಂಬ ನೋಟೀಸು ಚಾವಡಿಯ ಗೋಡೆಗೆ ಅಂಟಿತ್ತಂತೆ. ಅತ್ತೆ ದಿನವೂ ಆ ಗೋಡೆಯ ಮುಂದೆಯೇ ನೀರಿಗೆ ಹೋಗುತ್ತಿದ್ದವರು. ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ.

ಯುಗಾದಿಯ ದಿನವೇ ನಾನು ಓದಿದ್ದರೆ ಮೇಲ್ಮನವಿಗೆ ಕಾಲ ಇತ್ತು. ಈಗ ಅವಧಿ ಮೀರಿತ್ತು. "ನೀನು ಸರಿಯಾಗೈತೆ ಅಂದಿದ್ದೆ ಅಲ್ವಾ" ಎಂದು ಅವರು ಒಂದೇ ಸಲ ಕೇಳಿದರು, ಜಗಳದ ದನಿಯಲ್ಲೂ ಅಲ್ಲ. ನಾನು ಆ ದಿನ ಮೇಜಿನ ಹಿಂದೆ ಕೂರಲಾರದೆ ಅರ್ಧ ದಿನ ರಜೆ ಬರೆದುಕೊಟ್ಟೆ.

ನಮ್ಮ ವೃತ್ತಿಯ ಹಿರಿಯರಾದ ಎಸ್. ಆರ್. ರಂಗನಾಥನ್ ಅವರ ಪಟ ನಮ್ಮ ಗ್ರಂಥಾಲಯದಲ್ಲಿ ತೂಗುತ್ತಿತ್ತು. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಬೀರುಗಳ ಬೀಗ ತೆಗೆಸಿ ಓದುಗರನ್ನು ಪುಸ್ತಕದ ನಡುವೆಯೇ ಓಡಾಡಲು ಬಿಟ್ಟರು. 1931ರಲ್ಲಿ ತಮ್ಮ ಐದು ಸೂತ್ರಗಳ ಪುಸ್ತಕ ತಂದರು. 1957ರಿಂದ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಬೀಗ ತೆಗೆದರಷ್ಟೇ ಸಾಲದು, ಬಂದವರ ಜೊತೆ ಮಾತಾಡಿ ಅವರಿಗೆ ನಿಜವಾಗಿ ಏನು ಬೇಕು ಎಂದು ತಿಳಿದು ಕೊಡುವುದೇ ಗ್ರಂಥಪಾಲಕರ ದೊಡ್ಡ ಕೆಲಸ ಎಂಬುದು ಅವರ ನಂಬಿಕೆ. ಪರೀಕ್ಷೆಗೆಂದು ಇದನ್ನೆಲ್ಲ ಬಾಯಿಪಾಠ ಮಾಡಿದವಳು ನಾನು. ಒಳ್ಳೆಯ ನಂಬರೂ ಬಂದಿತ್ತು.

ಆ ಸೋಮವಾರದಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಯಾರು ಯಾವ ಸರ್ಕಾರಿ ಕಾಗದ ತಂದರೂ ಮೊದಲ ಸಾಲಿನಿಂದ ಕೊನೆಯ ಸೀಲಿನವರೆಗೆ ಗಟ್ಟಿಯಾಗಿ ಓದಿ ಹೇಳುವುದು. ಮಾತು ಊರಿನಿಂದ ಊರಿಗೆ ಹೋಗಿ, ಸಂತೆಯ ದಿನ ಪತ್ರಿಕೆಯ ಮೇಜಿನ ಪಕ್ಕದಲ್ಲಿ ಹೆಂಗಸರ ಸಾಲೇ ನಿಲ್ಲತೊಡಗಿತು. ಇದು ನಿಮ್ಮ ಕೆಲಸವಲ್ಲ ಎಂದು ಮೇಲಿನವರೊಬ್ಬರು ಗದರಿದ್ದೂ ಉಂಟು. ನಿವೃತ್ತಿಯ ದಿನದವರೆಗೂ ಬಿಡಲಿಲ್ಲ.

ಈಗಿನ ಮಕ್ಕಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. 2011ರಲ್ಲಿ ಬೆಂಗಳೂರಿನಲ್ಲಿ ಡೇಟಾಮೀಟ್ ಎಂಬ ಗುಂಪು ಶುರುವಾಯಿತು. ಅದರವರು ಸಂಬಳವಿಲ್ಲದೆ ಬಿಡುವಿನಲ್ಲಿ ಕೂತು, ಸರ್ಕಾರದ ದಾಖಲೆಗಳಲ್ಲಿ ಚದುರಿಹೋದ ಅಂಕಿ ಅಂಶಗಳನ್ನು, ಮತಕ್ಷೇತ್ರಗಳ ಗಡಿ ನಕ್ಷೆಗಳನ್ನು ಸರಿಪಡಿಸಿ ಎಲ್ಲರೂ ಬಳಸುವಂತೆ ಬಿಟ್ಟುಕೊಡುತ್ತಾರೆ. ನೌರ್ತಿಯಂತೂ ಅಕ್ಷರ ಕಲಿತಳು, ಕಂಪ್ಯೂಟರ್ ಕಲಿತಳು, 2010ರಲ್ಲಿ ಅದೇ ಹರ್ಮಾಡಾದ ಸರಪಂಚಳಾಗಿ ಲೆಕ್ಕದ ಪುಸ್ತಕದ ಮುಂದೆ ತಾನೇ ಕೂತಳು. ಎಲ್ಲವನ್ನೂ ಗೋಡೆಯ ಮೇಲೆ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಒಂಟಿ ಹೆಂಗಸಿನ ಫೋನ್ ನಂಬರೋ ಕಾಯಿಲೆಯ ಚೀಟಿಯೋ ಊರಿನ ಸ್ವತ್ತಲ್ಲ. ಆದರೆ ನನ್ನ ಹೆಸರಿನಲ್ಲಿ ಹಣ ಎತ್ತಿದ ಪಟ್ಟಿಯನ್ನು ನನ್ನದೇ ಗುಟ್ಟು ಕಾಪಾಡುವ ನೆಪದಲ್ಲಿ ನನ್ನಿಂದ ಮುಚ್ಚಿಟ್ಟರೆ, ಅದು ಆ 1923ರ ಕಾನೂನಿನ ಹೊಸ ಸೀರೆಯಷ್ಟೆ.

ಅತ್ತೆಯ ಮೇಲ್ಮನವಿಯನ್ನು ತಡವಾದದ್ದಕ್ಕೆ ಕಾರಣ ಬರೆದು ಹಾಕಿದೆವು. ಓದು ಬಾರದ ಹೆಂಗಸು ಎಂದು ವಕೀಲರು ಬರೆದರು. ಓದು ಬಂದವಳ ವಿಷಯ ಅದರಲ್ಲಿ ಇರಲಿಲ್ಲ. ನಾಲ್ಕು ವರ್ಷ ಓಡಾಡಿದ ಮೇಲೆ ಅವರ ಹೆಸರು ಸೇರಿತು. ಅಷ್ಟರಲ್ಲಿ ಮೈದುನ ಒಂದು ಭಾಗವನ್ನು ಮಾರಿ ಆಗಿತ್ತು. ಅದು ಹೋದದ್ದು ಹೋಯಿತು.

ಹೊಸ ಪಹಣಿ ಬಂದ ದಿನ ಅತ್ತೆ ಗ್ರಂಥಾಲಯಕ್ಕೇ ಬಂದರು. ಕುರ್ಚಿ ಕೊಟ್ಟರೂ ಕೂರದೆ ಮೇಜು ಹಿಡಿದು ನಿಂತರು. ನಾನು ಮೇಲಿನಿಂದ ಓದುತ್ತ ಬಂದೆ. ಹೋಬಳಿ, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ನಮೂನೆ, ಕಂದಾಯ. ಒಂಬತ್ತನೆಯ ಕಾಲಂಗೆ ಬಂದು ಅವರ ಹೆಸರನ್ನು, ಅವರ ಗಂಡನ ಹೆಸರನ್ನು ಓದಿದೆ. ಅವರು ತಲೆಯಾಡಿಸಿದರು. ಆಮೇಲೆ ಬಗ್ಗಿ ಆ ಹಾಳೆಯನ್ನೇ ನೋಡುತ್ತ ಕೇಳಿದರು.

"ಮರದ ಲೆಕ್ಕಾನೂ ಬರ್ದಿರ್ತಾರೆ ಅಂದ್ಯಲ್ಲ, ಬದಿನಾಗಿರೋ ಹುಣಸೆಮರ ಬರ್ದವ್ರಾ, ನೋಡು."